ಅಡ್ಡಿಲ್ಲ ಎಂದ ನಾಯಕಿ

ಪ್ರೀತಿ, ಜಗಳ, ನಗು, ಕೊನೆಗೆ ಮದುವೆ. ಇಂಥ ಸಿನಿಮಾ ಎಂದರೆ ನನಗೂ ನನ್ನನ್ನು ಸಾಕಿದ ದೊಡ್ಡಮ್ಮನಿಗೂ ಪ್ರಾಣ. ಭಾನುವಾರ ಮಧ್ಯಾಹ್ನ ಅಂಗಳದ ಒಣಮೀನು ಮಗುಚಿ ಹಾಕಿ, ಕೈ ತೊಳೆದು, ಟಿವಿ ಎದುರು ಕಾಲು ಚಾಚಿ ಕೂತಳೆಂದರೆ ದೊಡ್ಡಮ್ಮ ಮುಂದಾಗುವುದನ್ನೆಲ್ಲ ಮೊದಲೇ ಹೇಳಿಬಿಡುತ್ತಾಳೆ. ನಾಯಕನ ಸ್ಕೂಟರು ನಾಯಕಿಯ ತರಕಾರಿ ಚೀಲಕ್ಕೆ ತಾಗಿದ ಕೂಡಲೇ, "ಆತು, ಮದ್ವೆ ಆತು ಇವ್ರದ್ದು" ಎಂದು ತೀರ್ಪು.

"ಎಲ್ಲಾ ಗೊತ್ತಿದ್ ಮೇಲೆ ಎಂತಕೆ ನೋಡೂದು?" ಎಂದು ಕೆಣಕಿದರೆ ಅವಳ ಉತ್ತರ ಸಿದ್ಧ. "ದಿನಾ ಅನ್ನ ಸಾರು ಉಂತ್ಯಲೆ, ರುಚಿ ಗೊತ್ತಿಲ್ದೆ ಉಂತ್ಯಾ?"

ನನಗೆ ತಲೆ ಕೆಡುತ್ತಿದ್ದದ್ದು ಒಂದೇ ವಿಷಯಕ್ಕೆ. ಇಂಟರ್ವಲ್ ಆದ ಮೇಲೆ ಇಬ್ಬರೂ ಏನೋ ತಪ್ಪು ತಿಳಿದು ಮುಖ ತಿರುಗಿಸುತ್ತಾರಲ್ಲ, ಅದು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳದೆ ಸಮುದ್ರದ ದಂಡೆಯಲ್ಲಿ ನಿಂತು ಹಾಡುತ್ತಾರೆ. ಬಾಯಿಲ್ಲವಾ ಇವರಿಗೆ ಎಂದು ನಾನು ಟಿವಿಗೇ ಬೈಯುತ್ತಿದ್ದೆ. ಬುದ್ಧಿ ಇರುವ ಯಾರೂ ಹಾಗೆ ಮಾಡುವುದಿಲ್ಲವೆಂದು ನಂಬಿದ್ದೆ ಕೂಡ.

ನಾನು ಹೊನ್ನಾವರದ ಮೆಡಿಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ದಿನಾ ಹೊಳೆಯಾಚೆಯ ನಮ್ಮೂರು ಕಾಸರಕೋಡಿನಿಂದ ಸೇತುವೆ ದಾಟಿ ಹೋಗುವುದು. ಅಲ್ಲಿಗೆ ಮಂಡ್ಯ ಕಡೆಯ ಹೈಸ್ಕೂಲು ಮಾಸ್ತರೊಬ್ಬರು ಸಂಜೆ ಸಂಜೆ ತಲೆನೋವಿನ ಮಾತ್ರೆಗೆ ಬರುತ್ತಿದ್ದರು. ಅಷ್ಟೊಂದು ತಲೆನೋವಿರುವ ಮನುಷ್ಯ ಅಷ್ಟು ನಗುತ್ತಿರುವುದು ಸಾಧ್ಯವಿಲ್ಲ ಎಂದು ನನಗೆ ಬೇಗನೇ ತಿಳಿಯಿತು. ಕೊಡುವ ಒಂದೇ ಮಾತ್ರೆಯನ್ನು ನಾನೂ ಬಹಳ ಹೊತ್ತು ಹುಡುಕುತ್ತಿದ್ದೆ.

ಏಪ್ರಿಲ್ ಸೆಕೆಯಲ್ಲಿ ಒಂದು ಸಂಜೆ, ಅಂಗಡಿಯಲ್ಲಿ ಯಾರೂ ಇಲ್ಲದಾಗ ಅವರು ಕೇಳಿಯೇಬಿಟ್ಟರು. "ನನ್ನ ಮದುವೆ ಆಗೋಕೆ ನಿಮಗೆ ಇಷ್ಟ ಇದ್ಯಾ?"

ಇಡೀ ಮನಸ್ಸಿನಿಂದ ಹೇಳಿದೆ, "ಅಡ್ಡಿಲ್ಲ."

ನಮ್ಮ ಕಡೆ ಇದಕ್ಕಿಂತ ಮೇಲಿನ ಮಾತಿಲ್ಲ. ಬಂಗಡೆ ಸಾರು ಬಹಳ ರುಚಿಯಾದರೆ ಅಡ್ಡಿಲ್ಲ. ಮಗ ತರಗತಿಗೆ ಮೊದಲಿಗನಾಗಿ ಬಂದರೂ ಅಡ್ಡಿಲ್ಲ. ಅದನ್ನು ಮೀರಿ ಹೊಗಳಿದರೆ ದೃಷ್ಟಿ ತಾಗುತ್ತದೆಂಬ ಹೆದರಿಕೆ ನಮ್ಮದು. ಮಾಸ್ತರು "ಸರಿ" ಎಂದು ಹೊರಟರು, ಮಾತ್ರೆಯನ್ನೂ ಬಿಟ್ಟು.

ಮರುದಿನದಿಂದ ಪತ್ತೆಯಿಲ್ಲ. ಗಂಡಸರ ಮನಸ್ಸು ಇಷ್ಟೇ ಎಂದು ಹಲ್ಲು ಕಚ್ಚಿಕೊಂಡೆ. ಹೋಗಿ ಕೇಳಲು ಮಾನ ಬಿಡಲಿಲ್ಲ. ಭಾನುವಾರ ಟಿವಿಯಲ್ಲಿ ನಾಯಕ ಹೂವು ಹಿಡಿದು ಬಂದಾಗ ನಾನು ಎದ್ದು ಹೋದೆ. ದೊಡ್ಡಮ್ಮ ಹಿಂದೆಯೇ ಬಂದು ವಿಷಯ ಕಕ್ಕಿಸಿದಳು.

"ನೀ ಎಂತ ಹೇಳ್ದೆ ಅವ್ರಿಗೆ?"

"ಅಡ್ಡಿಲ್ಲ ಅಂದೆ."

"ಸಮಾ ಹೇಳಿದ್ಯಲೆ ಮತ್ತೆ," ಎಂದು ಅವಳೂ ತಲೆ ಕೆರೆದುಕೊಂಡಳು. ತಪ್ಪೆಲ್ಲಿ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. "ಹೋಗಿ ಕೇಳು. ಎಂತ ಹೊಡಿತ್ರಾ?"

ರಜೆ ಶುರುವಾದ ದಿನ ಮಾಸ್ತರು ಊರಿಗೆ ಹೊರಟಿದ್ದಾರೆಂದು ಗಿರಾಕಿಯೊಬ್ಬರು ಹೇಳಿದರು. ಅಂಗಡಿಯ ಬಿಳಿ ಕೋಟಿನಲ್ಲೇ ಬಸ್ ಸ್ಟ್ಯಾಂಡಿಗೆ ನಡೆದೆ. ಶಿವಮೊಗ್ಗದ ಬಸ್ಸಿನ ಕಿಟಕಿ ಪಕ್ಕ ಕೂತಿದ್ದರು.

"ಬೇಡ ಅಂತಾದ್ರೆ ಬಾಯಿಬಿಟ್ಟು ಹೇಳೂಕೆ ಎಂತಾಗಿತ್ತು ನಿಮಗೆ?" ಎಂದೆ.

"ಬೇಡ ಅಂದಿದ್ದು ನೀವು," ಎಂದರು ಪಾಪ. "ಅಡ್ಡಿ ಇಲ್ಲ ಅಂದ್ರಲ್ಲ. ಪಕ್ಕದ ಸೀಟಲ್ಲಿ ಕೂರಲಾ ಅಂತ ಕೇಳಿದ್ರೆ ಹೇಳೋ ಮಾತು ಅದು. ಬಲವಂತ ಯಾಕೆ ಅಂತ ಸುಮ್ಮನಾದೆ."

ನನಗೆ ನಗುವೂ ಬಂತು, ಅಳುವೂ ಬಂತು. ಬಸ್ಸಿನ ಅಷ್ಟೂ ಕಿಟಕಿಗಳಲ್ಲಿ ಮುಖಗಳು. ಡ್ರೈವರು ಎಂಜಿನ್ ಶುರು ಮಾಡಿದ. ಅಡ್ಡಿಲ್ಲವನ್ನು ಮೀರಿದ ಮಾತು ನನ್ನ ಬಾಯಲ್ಲಿ ಎಂದೂ ಹೊರಟದ್ದಿಲ್ಲ. "ನೀವು ಬರದೇ ಇದ್ದಾಗಿಂದ ನಂಗೆ ಊಟ ಸೇರೂದಿಲ್ಲ," ಎಂದೆ.

ಸಿನಿಮಾ ಆಗಿದ್ದರೆ ಅವರು ಧುಮುಕಬೇಕಿತ್ತು. ಟಿಕೆಟು ಆಗಿತ್ತು, ಪೆಟ್ಟಿಗೆ ಮೇಲಿತ್ತು, ಕಂಡಕ್ಟರು ಸೀಟಿ ಊದಿದ. "ರಜೆ ಮುಗಿಯೋದ್ರೊಳಗೆ ಅಮ್ಮನ್ನ ಕರ್ಕೊಂಡು ಬರ್ತೀನಿ" ಎಂದು ಕಿಟಕಿಯಿಂದ ಕೂಗಿದರು. ಬಸ್ಸು ಹೋಯಿತು.

ಆ ಮೇ ತಿಂಗಳಲ್ಲಿ ನಾನು ಹೊಸ ಸಿನಿಮಾ ಒಂದನ್ನೂ ನೋಡಲಿಲ್ಲ. ನೋಡಿದ್ದನ್ನೇ ಮತ್ತೆ ನೋಡಿದೆ. ಕೊನೆ ಗೊತ್ತಿದ್ದ ಕಥೆ ಎಷ್ಟು ದೊಡ್ಡ ಸಮಾಧಾನವೆಂದು ಆಗ ತಿಳಿಯಿತು. ಅವರ ತಾಯಿ ಒಪ್ಪದಿದ್ದರೆ, ಅವರೇ ಮನಸ್ಸು ಬದಲಿಸಿದರೆ ಎಂದು ನಾನು ಹೆದರಿದಾಗಲೆಲ್ಲ ದೊಡ್ಡಮ್ಮ ಟಿವಿಯಿಂದ ಕಣ್ಣು ತೆಗೆಯದೆ, "ಬತ್ರು, ಬತ್ರು. ಇದೆಲ್ಲ ನಂಗೆ ಗೊತ್ತಿಲ್ವಾ?" ಎನ್ನುತ್ತಿದ್ದಳು. ಅವಳ ಲೆಕ್ಕ ಎಂದೂ ತಪ್ಪಿದ್ದಿಲ್ಲವಾದ್ದರಿಂದ ನಾನೂ ಎರಡು ತುತ್ತು ಉಣ್ಣುತ್ತಿದ್ದೆ.

ಶಾಲೆ ತೆರೆಯುವ ಮೊದಲೇ ಅವರು ತಾಯಿಯೊಂದಿಗೆ ಬಂದರು. ಒಣಮೀನಿನ ವಾಸನೆಗೆ ಆ ತಾಯಿ ಸೆರಗು ಮೂಗಿಗೆ ಒತ್ತಿಕೊಂಡೇ ನನಗೆ ಹೂವು ಮುಡಿಸಿದರು. ಚಹಾ ತರಲು ಹೋದ ದೊಡ್ಡಮ್ಮ ಎಷ್ಟು ಹೊತ್ತಾದರೂ ಬರಲಿಲ್ಲ. ಒಳಗೆ ಹೋಗಿ ನೋಡಿದರೆ, ಒಲೆಯ ಎದುರು ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಅಳೂಕೆ ಎಂತಾಯ್ತು? ಬತ್ರು ಅಂತ ನೀನೇ ಹೇಳಿದ್ಯಲೆ," ಎಂದೆ.

"ಹೇಳ್ದೆ," ಎಂದಳು ದೊಡ್ಡಮ್ಮ, ಮೂಗು ಒರೆಸಿಕೊಳ್ಳುತ್ತ. "ನಂಗೆಂತ ಗೊತ್ತಿತ್ತು? ನೀ ಉಣ್ಣೂದಿಲ್ಲ, ಅದ್ಕೆ ಬತ್ರು ಅಂತ ಹೇಳ್ದೆ."