ಗುಡ್ಡದ ನೆತ್ತಿಯ ಎರಡು ಹೇಂಟೆಗಳು

ಅಮೆರಿಕದ ವರ್ಮಾಂಟಿನ ಟಾಲ್ಕಟ್ ಮಿಲ್ಸ್ ಎಂಬ ನಮ್ಮೂರಿನಲ್ಲಿ ಕಾಡು ಟರ್ಕಿ ಕೋಳಿಗಳು ಎಲ್ಲರಿಗೂ ಹೆದರುತ್ತವೆ, ಮೇವಿಸ್ ಪ್ರಿಚರ್ಡ್ ಒಬ್ಬಳನ್ನು ಬಿಟ್ಟು. ಯಾಕೆಂದು ಯಾರಿಗೂ ತಿಳಿಯದು. ಮೇ ತಿಂಗಳು ಬಂದರೆ ಕೋವಿ ಹೆಗಲಿಗೇರಿಸಿ ಅವುಗಳ ಬೆನ್ನು ಹತ್ತುವವಳು ಅವಳೇ. ಆದರೂ ಊರಲ್ಲಿ ಇಷ್ಟು ಜನ ಇರುವಾಗ ಅವು ಹುಡುಕಿಕೊಂಡು ಹೋಗುವುದು ಅವಳನ್ನೇ.

ಮೇವಿಸ್ ಶಾಲೆಯ ಅಡುಗೆಮನೆಯನ್ನು ನೋಡಿಕೊಳ್ಳುವವಳು. ಗಟ್ಟಿ ಮೈಕಟ್ಟು, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಒಂದು ವರ್ಷ ಹುಂಜವೊಂದು ಅಡುಗೆಮನೆಯ ಕಿಟಕಿಯಲ್ಲಿ ತನ್ನದೇ ಮುಖ ಕಂಡು, ಯಾರೋ ಎದುರಾಳಿ ಬಂದಿದ್ದಾನೆಂದು ವಸಂತ ಮುಗಿಯುವ ತನಕ ಗಾಜಿನ ಜೊತೆ ಗುದ್ದಾಡಿತು. ಇವಳು ಒಳಗಿನಿಂದ ಸೌಟು ಎತ್ತಿ ಬೈದರೆ ಅದು ಹೊರಗಿನಿಂದ ಗೊಳಗೊಳ ಎಂದು ತಿರುಗಿ ಬೈಯುತ್ತಿತ್ತು. ಮಕ್ಕಳು ಊಟ ಬಿಟ್ಟು ಈ ಜಗಳ ನೋಡುತ್ತಿದ್ದವು. ಇನ್ನೊಮ್ಮೆ ಅವಳು ಕಾಡಿನಲ್ಲಿ ಮಿಸುಕದೆ ಕೂತಿದ್ದಾಗ ಹೇಂಟೆಯೊಂದು ಬಂದು ಅವಳ ತೋಳಿನ ಗುಂಡಿಯನ್ನು ಕಾಳೆಂದು ಕಿತ್ತು ನುಂಗಿ, ರುಚಿಸಲಿಲ್ಲವೆಂಬಂತೆ ಅವಳ ಮುಖವನ್ನೇ ನೋಡಿತಂತೆ. ಇಂಥದ್ದು ಬೇರೆ ಯಾರಿಗಾದರೂ ಆಗಿದೆ ಎಂದರೆ ನಾನು ನಂಬುವುದಿಲ್ಲ. ಮೇವಿಸ್ ಹೇಳಿದರೆ ನಂಬುತ್ತೇನೆ.

ಟರ್ಕಿ ಬೇಟೆಯ ವಿದ್ಯೆ ಅವಳಿಗೆ ಬಂದದ್ದು ಅಪ್ಪ ಗ್ರಿಫ್‌ನಿಂದ. ಗ್ರಿಫ್ ಸ್ಲೇಟು ಕಲ್ಲಿನ ಗಣಿಯಲ್ಲಿ ದುಡಿದವನು. ಗಂಡು ಟರ್ಕಿಯನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯುವುದು ಆಗದ ಮಾತು. ಮರಕ್ಕೆ ಬೆನ್ನು ಕೊಟ್ಟು ಕೂತು, ಹೇಂಟೆಯ ದನಿ ತೆಗೆದು, ಅದೇ ಸೋತು ಬರುವ ಹಾಗೆ ಮಾಡಬೇಕು. ಗ್ರಿಫ್ ಮನೆಯ ಮಾಡಿನಿಂದ ಜಾರಿ ಬಿದ್ದ ಒಂದು ಸ್ಲೇಟನ್ನು ಎರಡು ಹೋಳು ಮಾಡಿ, ಅಂಗೈಯಗಲಕ್ಕೆ ಉಜ್ಜಿ, ಒಂದನ್ನು ಮಗ ಎಲ್ವಿನ್‌ಗೂ ಇನ್ನೊಂದನ್ನು ಮಗಳು ಮೇವಿಸಳಿಗೂ ಕೊಟ್ಟ. ಕಲ್ಲಿನ ಮೇಲೆ ಕಡ್ಡಿ ಎಳೆದರೆ ಹೇಂಟೆಯೇ ಕೂಗಿದಂತೆ ಕೇಳುತ್ತದೆ. ಗ್ರಿಫ್‌ನ ಹೆಬ್ಬೆರಳು ಗಣಿಯಲ್ಲಿ ಜಜ್ಜಿ ಹೋಗಿತ್ತು. ಹಾಗಾಗಿ ಅವನು ಕೂಗು ಮುಗಿಸುವಾಗ ಕಡ್ಡಿ ತುಸು ಜಾರಿ, ಕೊನೆಯಲ್ಲಿ ಬಿಕ್ಕಳಿಕೆಯಂಥ ಒಂದು ಚಿಕ್ಕ ಸದ್ದು ಬರುತ್ತಿತ್ತು. ಎಲ್ವಿನ್ ಅಪ್ಪನಿಂದ ಕಲಿಯುವಾಗ ಆ ಬಿಕ್ಕಳಿಕೆಯನ್ನೂ ಸೇರಿಸಿಯೇ ಕಲಿತ. ಮೇವಿಸ್ ಚುರುಕು, ಅದನ್ನು ಬಿಟ್ಟು ಮಿಕ್ಕಿದ್ದನ್ನು ಕಲಿತಳು.

ಅಪ್ಪನಿಗೆ ಇನ್ನೊಂದು ರೂಢಿ ಇತ್ತು. ಸಂಜೆ ಊಟಕ್ಕೆ ಮಕ್ಕಳ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತು, ಚೆದುರಿ ಹೋದ ಮರಿಗಳನ್ನು ತಾಯಿ ಟರ್ಕಿ ಒಟ್ಟುಗೂಡಿಸುವ ಉದ್ದನೆಯ ಕೂಗನ್ನು ಕಲ್ಲಿನ ಮೇಲೆ ಎಳೆಯುತ್ತಿದ್ದ. ಮಕ್ಕಳಿಬ್ಬರೂ ಎಲ್ಲಿದ್ದರೂ ಮರಿಗಳ ಹಾಗೆ ಬಾಯಲ್ಲಿ ಕೀ ಕೀ ಎಂದು ಸಿಳ್ಳೆ ಹಾಕುತ್ತಾ ಮನೆ ಕಡೆ ಓಡುತ್ತಿದ್ದರು.

ಇಂಥ ಅಣ್ಣ ತಂಗಿ ಮಾತು ಬಿಟ್ಟದ್ದು ಒಂದು ಹುಂಜದ ದೆಸೆಯಿಂದ.

ಅದು ಅಪ್ಪ ತೀರಿಕೊಂಡ ಚಳಿಗಾಲ ಕಳೆದು ಬಂದ ಮೇ ತಿಂಗಳು. ಒಂದು ಭಾನುವಾರ ಬೆಳಿಗ್ಗೆ ಮೇವಿಸ್ ದೊಡ್ಡದೊಂದು ಹುಂಜ ಹೊಡೆದಳು. ಅವಳ ಗಾಡಿ ಕೈಕೊಟ್ಟಿದ್ದರಿಂದ ಎಲ್ವಿನ್ ತನ್ನ ಹೊಸ ಕಾರು ತಂದ.

"ಸತ್ತಿದೆ ತಾನೆ?" ಎಂದು ಎಲ್ವಿನ್ ಬಾಗಿ ನೋಡಿದ.

"ಸತ್ತಿದೆ ಕಣೋ. ಕತ್ತು ಹೆಂಗೆ ಜೋತು ಬಿದ್ದಿದೆ ನೋಡು."

"ಸೀಟಿಗೇನಾದ್ರೂ ರಕ್ತ ತಾಗ್ತೋ, ಲೋರ್ನಾ ನನ್ನನ್ನ ಹೊಸಿಲು ದಾಟಕ್ಕೆ ಬಿಡಲ್ಲ." ಲೋರ್ನಾ ಅವನ ಹೆಂಡತಿ.

ಹೆಂಡತಿಗೆ ಹೆದರಿ ಅವನು ತನ್ನ ಕೋಟನ್ನೇ ಬಿಚ್ಚಿ ಹುಂಜಕ್ಕೆ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ. ಕಾರು ಚರ್ಚಿನ ಮುಂದೆ ಬಂದಾಗ, ಪ್ರಾರ್ಥನೆ ಮುಗಿಸಿ ಜನ ಮೆಟ್ಟಿಲಿಳಿಯುತ್ತಿದ್ದರು. ಅದೇ ಹೊತ್ತಿಗೆ ಹುಂಜಕ್ಕೆ ಎಚ್ಚರವಾಯಿತು. ಗುಂಡು ಬರೀ ತಲೆ ಸವರಿಕೊಂಡು ಹೋಗಿತ್ತು ಅಂತ ಕಾಣುತ್ತದೆ. ಅದು ಎದ್ದು ನಿಂತು, ಎಲ್ವಿನ್‌ನ ಹೆಗಲೇರಿ, ಅವನ ಕಿವಿಯೊಳಗೇ ಗೊಳಗೊಳಗೊಳ ಎಂದಿತು. ಐವತ್ತೇಳು ವರ್ಷದ ಗಂಡಸು "ಅಪ್ಪಾ!" ಎಂದು ಕಿರುಚಿ ಸ್ಟೀರಿಂಗ್ ಬಿಟ್ಟ. ಕಾರು ಬೇಲಿ ಮುರಿದು ಪಾದ್ರಿಗಳ ಬಟಾಣಿ ಮಡಿಯಲ್ಲಿ ನಿಂತಿತು. ಹುಂಜ ಕಿಟಕಿಯಿಂದ ಹಾರಿ, ಕೋಟನ್ನು ಎಳೆದುಕೊಂಡು, ನೆರೆದವರ ಮಧ್ಯೆ ಗತ್ತಿನಿಂದ ನಡೆದು ಹೋಯಿತು. ಕೋಟು ಆಮೇಲೆ ಸ್ಮಶಾನದಲ್ಲಿ ಸಿಕ್ಕಿತು.

ಮೇವಿಸ್ ಕಾರಿನಿಂದಿಳಿದು ರಸ್ತೆಯಲ್ಲೇ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಎಲ್ವಿನ್ ಅವತ್ತು ಸಿಡುಕಿದನೇ ಹೊರತು ಮಾತು ಬಿಡಲಿಲ್ಲ. ಬಿಟ್ಟದ್ದು ನವೆಂಬರಿನಲ್ಲಿ, ಚರ್ಚಿನ ಬೇಟೆ ಊಟದ ದಿನ. ಆ ಊಟಕ್ಕೆ ಇಡೀ ಊರು ಸೇರುತ್ತದೆ. ಜಿಂಕೆ ಸಾರು, ಕರಡಿ ಮಾಂಸದ ಉಂಡೆ, ಕೊನೆಗೆ ಸಿಹಿಗೆ ಸೇಬಿನ ಪೈ. ಪೈ ಬಡಿಸುವಾಗ ಯಾರಾದರೂ ಎದ್ದು ಆ ವರ್ಷದ ಕತೆ ಹೇಳಬೇಕು. ಮೇವಿಸ್ ಎದ್ದು ಕಾರಿನ ಕತೆಯನ್ನು ಅಭಿನಯಿಸಿ ಹೇಳಿದಳು. ಹುಂಜ ಆದಳು, ಪಾದ್ರಿಗಳಾದಳು, ಕೊನೆಗೆ ಎಲ್ವಿನ್ ಆಗಿ ಎರಡೂ ಕೈ ಮೇಲೆತ್ತಿ "ಅಪ್ಪಾ!" ಎಂದು ಕೀರಲು ದನಿಯಲ್ಲಿ ಕಿರುಚಿದಳು. ಜನ ಮೇಜು ಬಡಿದು ನಕ್ಕರು. ಎಲ್ವಿನ್ ಮುಟ್ಟದ ಪೈಯನ್ನು ಪಕ್ಕಕ್ಕೆ ಸರಿಸಿ, ಟೋಪಿ ಹಾಕಿಕೊಂಡು ಹೊರಗೆ ಹೋದ.

ಅವನು ಕರೆದದ್ದು ಸತ್ತ ಅಪ್ಪನನ್ನು, ಗಾಬರಿಯಲ್ಲಿ ಬಾಯಿಗೆ ಬಂದದ್ದು ಆ ಹೆಸರು ಎಂಬುದು ಮೇವಿಸಳಿಗೆ ಆ ತಟ್ಟೆ ನೋಡಿದ ಮೇಲೆ ಹೊಳೆಯಿತು. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು.

ಆಮೇಲೆ ಅವಳು ಮಾಡದ ಪ್ರಯತ್ನವಿಲ್ಲ. ಅಂಚೆ ಕಚೇರಿಗೆ ಅವಳು ಬಂದರೆ ಎಲ್ವಿನ್ ಹೊರಡುತ್ತಿದ್ದ. ದಿನಸಿ ಅಂಗಡಿಯಲ್ಲಿ ಎದುರಾದರೆ ಬುಟ್ಟಿ ಅಲ್ಲೇ ಇಟ್ಟು ಹೋಗುತ್ತಿದ್ದ. ಅವಳು ಪೈ ಮಾಡಿ ಅವನ ಮನೆ ಜಗುಲಿಯಲ್ಲಿ ಇಟ್ಟು ಬರುತ್ತಿದ್ದಳು. ತಟ್ಟೆ ತೊಳೆದು ಒರೆಸಿ ಇವಳ ಜಗುಲಿಗೆ ವಾಪಸು ಬರುತ್ತಿತ್ತು, ಜೊತೆಗೆ ಒಂದು ಮಾತೂ ಇಲ್ಲ.

"ಪೈ ತಿಂತಾನಾ, ಇಲ್ಲಾ ನಾಯಿಗೆ ಹಾಕ್ತಾನಾ?" ಎಂದು ಮೇವಿಸ್ ಒಮ್ಮೆ ಲೋರ್ನಾಳನ್ನು ಕೇಳಿದಳು.

"ನನಗೂ ಒಂದು ಚೂರು ಬಿಡಲ್ಲ ಕಣೇ, ಪೂರ್ತಿ ಅವನೇ ಮುಕ್ತಾನೆ," ಎಂದಳು ಲೋರ್ನಾ. "ತಿನ್ನೋ ಬಾಯಿಗೆ ಮಾತಾಡೋಕೆ ಏನು ಧಾಡಿ ಅಂತ ನಾನೂ ಬೈದಿದೀನಿ. ಗೋಡೆಗೆ ಹೇಳಿದ ಹಾಗೆ."

ಬೇಟೆಯ ಕಾಡೂ ಎರಡು ಪಾಲಾಯಿತು. ಗುಡ್ಡದ ಮೂಡಣ ಇಳಿಜಾರು ಅವಳಿಗೆ, ಪಡುವಣ ಅವನಿಗೆ. ನಡುವಿನ ನೆತ್ತಿಗೆ ಇಬ್ಬರೂ ಹೋಗುತ್ತಿರಲಿಲ್ಲ. ಹೀಗೇ ನಾಲ್ಕು ವಸಂತ ಕಳೆದವು. ಮೇವಿಸ್ ಊರಲ್ಲಿ ನಗುತ್ತಲೇ ಇದ್ದಳು. ಆದರೆ ಬೇಟೆ ಊಟದಲ್ಲಿ ಎಷ್ಟು ಕರೆದರೂ ಮತ್ತೆ ಎದ್ದು ಕತೆ ಹೇಳಲಿಲ್ಲ.

ಐದನೆಯ ಮೇ ತಿಂಗಳಲ್ಲಿ ನೆತ್ತಿಯ ಮೇಲೊಂದು ಹುಂಜ ಸೇರಿಕೊಂಡಿತು. ಎದೆಯಿಂದ ನೇತಾಡುವ ಅದರ ಗಡ್ಡ ನೆಲ ಗುಡಿಸುತ್ತದೆಂದು ಊರೆಲ್ಲ ಮಾತು. ಮೇವಿಸ್ ಆಸೆ ತಡೆಯಲಾರದೆ ಒಂದು ದಿನ ಬೆಳಕು ಹರಿಯುವ ಮೊದಲೇ ನೆತ್ತಿಗೆ ಹೋಗಿ, ಹಳೆಯ ಕಲ್ಲುಗೋಡೆಯ ಬಳಿ ಮೇಪಲ್ ಮರಕ್ಕೊರಗಿ ಕೂತಳು. ಹುಂಜ ದೂರದಲ್ಲಿ ಗೊಳಗುಟ್ಟಿತು. ಇವಳು ಕಲ್ಲಿನ ಮೇಲೆ ಮೆಲ್ಲಗೆ ಕಡ್ಡಿ ಎಳೆದಳು. ತಕ್ಷಣ ಗೋಡೆಯ ಆಚೆಯ ಪೊದೆಗಳಿಂದ ಇನ್ನೊಂದು ಹೇಂಟೆ ಉತ್ತರ ಕೊಟ್ಟಿತು.

ಮೇವಿಸ್ ಮೂಗು ಮುರಿದಳು. ನಿಜವಾದ ಹೇಂಟೆ ಹತ್ತಿರ ಇದ್ದರೆ ಹುಂಜ ಇವಳ ಕಡೆ ಯಾಕೆ ಬಂದೀತು? ಅದಕ್ಕೊಂದು ಉಪಾಯವಿದೆ. ಆ ಹೇಂಟೆಯನ್ನು ಕೆಣಕಬೇಕು. ಅದು ಕೂಗುವಾಗ ನಡುವೆ ಬಾಯಿ ಹಾಕಿ, ಅದಕ್ಕಿಂತ ಜೋರಾಗಿ ಕೂಗಬೇಕು. ಅದು ಸಿಟ್ಟಿನಿಂದ ಹೊಡೆದಾಟಕ್ಕೆ ಬಂದರೆ ಹಿಂದೆಯೇ ಹುಂಜವೂ ಬರುತ್ತದೆ. ಮೇವಿಸ್ ನಡುವೆ ಬಾಯಿ ಹಾಕಿದಳು. ಆ ಹೇಂಟೆಯೂ ಹಾಕಿತು. ಇವಳು ಏರುದನಿ ತೆಗೆದರೆ ಅದು ಇನ್ನೂ ಏರಿಸಿತು. ಇಂಥ ಜಗಳಗಂಟಿ ಹೇಂಟೆಯನ್ನು ಮೇವಿಸ್ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕಾಲು ಕೆರೆದು ಜಗಳಕ್ಕೆ ಬರುತ್ತದೆ, ಆದರೆ ಜಾಗ ಬಿಟ್ಟು ಒಂದು ಹೆಜ್ಜೆ ಕದಲುವುದಿಲ್ಲ. ಬಿಸಿಲೇರಿತು. ಕಪ್ಪು ನೊಣಗಳು ಕಿವಿ ಕಚ್ಚಿದವು. ಇವಳೂ ಸೋಲಲಿಲ್ಲ, ಅದೂ ಸೋಲಲಿಲ್ಲ. ಹುಂಜ ಯಾರ ಕಡೆ ಹೋಗುವುದೆಂದು ತೋಚದೆ ದೂರದಲ್ಲೇ ಸುತ್ತು ಹಾಕುತ್ತಿತ್ತು.

ಮಧ್ಯಾಹ್ನ ಹತ್ತಿರವಾಗುವ ಹೊತ್ತಿಗೆ ಆ ಹೇಂಟೆಗೆ ಸುಸ್ತಾಗಿರಬೇಕು. ಉದ್ದಕ್ಕೊಂದು ಕೂಗು ಎಳೆದು, ಕೊನೆಯಲ್ಲಿ ತುಸು ತಡೆದು, ಚಿಕ್ಕದಾಗಿ ಬಿಕ್ಕಳಿಸಿತು.

ಮೇವಿಸಳ ಕೈಯಲ್ಲಿ ಕಡ್ಡಿ ನಿಂತಿತು. ಜಗತ್ತಿನ ಯಾವ ಹೇಂಟೆಯೂ ಹಾಗೆ ಕೂಗುವುದಿಲ್ಲ. ಹಾಗೆ ಕೂಗುತ್ತಿದ್ದವನು ಒಬ್ಬನೇ, ಅವನಿಂದ ಕಲಿತವನೂ ಒಬ್ಬನೇ.

ಅವಳು ಮೊದಲು ಕೋವಿಯಿಂದ ತೋಟಾಗಳನ್ನು ತೆಗೆದು ಜೇಬಿಗೆ ಹಾಕಿಕೊಂಡಳು. ಕಾಡಿನಲ್ಲಿ ಎದುರಿಗೆ ಮನುಷ್ಯ ಇದ್ದಾನೆಂದು ಗೊತ್ತಾದರೆ ಬಾಯಿಬಿಟ್ಟು ಕೂಗಿ ಹೇಳಬೇಕು, ಅದು ಬೇಟೆಯ ನಿಯಮ. ಆದರೆ ತನ್ನ ದನಿ ಕೇಳಿದ ಕೂಡಲೇ ಅವನು ಎದ್ದು ಹೋಗುತ್ತಾನೆ, ಅಂಚೆ ಕಚೇರಿಯಿಂದ ಹೋದ ಹಾಗೆ. ಬೆಳಗಿನಿಂದ ಅಣ್ಣ ತನ್ನೊಡನೆ ಇಷ್ಟೊಂದು ಮಾತಾಡಿದ್ದಾನೆ, ಬೈದಿದ್ದರೂ ಮಾತಾಡಿದ್ದಾನೆ. ಅದನ್ನು ಕಳೆದುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಆಮೇಲೆ ತಾಯಿ ಟರ್ಕಿ ಮರಿಗಳನ್ನು ಒಟ್ಟುಗೂಡಿಸುವ ಕೂಗನ್ನು ಎಳೆದಳು. ಮರಿಗಳಿನ್ನೂ ಮೊಟ್ಟೆಯಲ್ಲೇ ಇರುವ ಮೇ ತಿಂಗಳಲ್ಲಿ ಯಾರೂ ಕೂಗದ ಕೂಗು ಅದು. ಕೊನೆಗೆ, ಇಷ್ಟು ವರ್ಷ ಬೇಡವೆಂದು ಬಿಟ್ಟಿದ್ದ ಅಪ್ಪನ ಬಿಕ್ಕಳಿಕೆಯನ್ನೂ ಸೇರಿಸಿದಳು.

ಪೊದೆಯ ಕಡೆ ಸದ್ದಡಗಿತು. ಎದ್ದು ಹೋದನೇನೋ ಎಂದು ಅವಳು ಕತ್ತು ಉದ್ದ ಮಾಡಿ ಗೋಡೆಯಾಚೆ ನೋಡಿದಳು. ಆಗ ಅಲ್ಲಿಂದ ಕೀ ಕೀ ಕೀ ಎಂದು ಮರಿಯ ಸಿಳ್ಳೆ ಬಂತು. ಅರವತ್ತು ದಾಟಿದ ಬಾಯಿ, ಮುಂದಿನೆರಡು ಹಲ್ಲು ಕಟ್ಟಿಸಿದ್ದು, ಸಿಳ್ಳೆಗಿಂತ ಗಾಳಿಯೇ ಹೆಚ್ಚು. ಮೇವಿಸ್ ಅತ್ತಳು. ಸದ್ದಾಗದಂತೆ ಅಳುವುದು ಅವಳಿಗೆ ಬಾರದು, ಆದ್ದರಿಂದ ಜೋರಾಗಿಯೇ ಅತ್ತಳು.

ಅಷ್ಟರಲ್ಲಿ ಕೆಳಗೆ ಊರಿನ ಅಗ್ನಿಶಾಮಕ ಠಾಣೆಯ ಹನ್ನೆರಡರ ಸೈರನ್ ಕೂಗಿತು. ನಮ್ಮಲ್ಲಿ ಟರ್ಕಿ ಬೇಟೆ ಅಲ್ಲಿಗೆ ಮುಗಿಯಬೇಕು, ಆಮೇಲೆ ಹೊಡೆದರೆ ದಂಡ. ಸೈರನ್ನಿಗೆ ಉತ್ತರವಾಗಿ ಮೇವಿಸಳ ಕಿವಿಯ ಪಕ್ಕದಲ್ಲೇ ಗೊಳಗೊಳಗೊಳ ಎಂದು ಸಿಡಿಲು ಬಡಿದ ಹಾಗಾಯಿತು.

"ಮೇವಿ," ಎಂದಿತು ಪೊದೆ, ತಗ್ಗಿದ ದನಿಯಲ್ಲಿ. "ಅಲ್ಲಾಡ್ಬೇಡ. ಹುಂಜ ನಿನ್ನ ಹಿಂದೇನೇ ನಿಂತಿದೆ ಕಣೇ."

"ಗೊತ್ತು ಕಣೋ. ನನ್ನ ಟೋಪಿ ಕುಕ್ತಾ ಇದೆ."

"ಗಡ್ಡ ಎಷ್ಟುದ್ದ ಇದೆ?"

"ನನ್ನ ಬೆನ್ನಿಗೇನು ಕಣ್ಣಿದೆಯೇನೋ? ನೀನೇ ನೋಡಿ ಹೇಳು."

"ನೆಲ ಗುಡಿಸುತ್ತೆ," ಎಂದು ಎಲ್ವಿನ್ ಭಕ್ತಿಯಿಂದ ಹೇಳಿದ. ಆಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ. ಪೊದೆಯೆಲ್ಲ ಅಲುಗಾಡುವಂತೆ ನಕ್ಕ. ಹುಂಜ ಇಬ್ಬರು ಹೇಂಟೆಯರನ್ನೂ ಒಮ್ಮೆ ನೋಡಿ, ಇವರ ಸಹವಾಸ ಸಾಕೆಂದು ಗೋಡೆ ಹತ್ತಿ ಇಳಿದು ನಡೆದು ಹೋಯಿತು.

ಎಲ್ವಿನ್ ಮೈತುಂಬ ಎಲೆ ಅಂಟಿಸಿಕೊಂಡು ಬಂದು ಗೋಡೆಯ ಮೇಲೆ ಕೂತ.

"ಏನು ಬಜಾರಿ ಹೇಂಟೆನೇ ನೀನು," ಎಂದ. "ಬೆಳಗ್ಗಿಂದ ನನಗೊಂದು ಕೂಗು ಪೂರ್ತಿ ಕೂಗೋಕೆ ಬಿಡ್ಲಿಲ್ಲ."

"ಎಲ್ವಿನ್, ಅವತ್ತು ಊಟದಲ್ಲಿ ನಾನು ಹಾಗೆ ಹೇಳ್ಬಾರ್ದಿತ್ತು. ಅಪ್ಪನ್ನ ಕರೆದಿದ್ದು ಹೇಳ್ಬಾರ್ದಿತ್ತು ಕಣೋ."

ಅವನು ಬೂಟಿನ ಮಣ್ಣು ಕೆರೆದ. "ಹ್ಞೂಂ. ಬಾರ್ದಿತ್ತು." ಆಮೇಲೆ, "ಮೊನ್ನೆ ಕಳಿಸಿದ ಪೈಗೆ ದಾಲ್ಚಿನ್ನಿ ಜಾಸ್ತಿ ಆಗಿತ್ತು," ಎಂದ.

"ಆದ್ರೂ ತಿಂದೆ ತಾನೆ?"

"ತಿಂದೆ."

ಇಬ್ಬರೂ ಒಟ್ಟಿಗೇ ಗುಡ್ಡ ಇಳಿದರು. ಪಡುವಣವೋ ಮೂಡಣವೋ ಎಂದು ಯೋಚಿಸದೆ, ಹತ್ತಿರದ ದಾರಿ ಹಿಡಿದರು.

ಆ ನವೆಂಬರಿನ ಬೇಟೆ ಊಟದಲ್ಲಿ ಪೈ ಬಡಿಸುವಾಗ ಎದ್ದು ನಿಂತವನು ಎಲ್ವಿನ್. ಜನ್ಮದಲ್ಲಿ ಎದ್ದು ಕತೆ ಹೇಳಿದವನಲ್ಲ. ಅವನು ಎರಡು ಹೇಂಟೆಗಳ ಜಗಳವನ್ನು ಕಲ್ಲು ಕಡ್ಡಿ ಸಮೇತ ಆಡಿ ತೋರಿಸಿದ. ನೊಣಗಳನ್ನು ಹೇಳಿದ, ಗಡ್ಡವನ್ನು ಹೇಳಿದ, ಹುಂಜ ತಂಗಿಯ ಟೋಪಿ ಕುಕ್ಕಿದ್ದನ್ನು ತಲೆ ಆಡಿಸಿ ಆಡಿಸಿ ತೋರಿಸಿದ. ಮೇಜುಗಳು ಹಾರುವಂತೆ ಜನ ನಕ್ಕರು. ಪಾದ್ರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೇವಿಸ್ ತಲೆ ತಗ್ಗಿಸಿ ಕೂತು, ಮುಂದಿನದ್ದಕ್ಕೆ ಕಾಯುತ್ತಿದ್ದಳು: ತಾಯಿಯ ಕೂಗು, ಮರಿಯ ಸಿಳ್ಳೆ, ತಾನು ಅತ್ತದ್ದು. ಊರೆದುರು ಅದನ್ನು ಕೇಳಿಸಿಕೊಳ್ಳಲು ತಾನು ತಯಾರಿರಬೇಕು, ತನಗೆ ಅದು ಸಲ್ಲಬೇಕಾದ್ದೇ ಎಂದುಕೊಂಡಿದ್ದಳು.

"ಆಮೇಲೆ ಅದು ನಿನ್ನ ತಂಗಿ ಅಂತ ಹೆಂಗೆ ಗೊತ್ತಾಯ್ತು ಎಲ್ವಿನ್?" ಎಂದು ಹಿಂದಿನಿಂದ ಯಾರೋ ಕೇಳಿದರು.

ಎಲ್ವಿನ್ ಕಲ್ಲನ್ನೂ ಕಡ್ಡಿಯನ್ನೂ ಜೇಬಿಗೆ ಹಾಕಿಕೊಂಡ.

"ಸೈರನ್ ಆಯ್ತಲ್ಲ, ಎದ್ದು ನೋಡ್ದೆ," ಎಂದ. ಕೂತು, ತನ್ನ ಪೈ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.