ಬಲ್ಬಿನಡಿಯ ಮೆಣಸಿನ ಸಸಿಗಳು

ನನ್ನನ್ನು ನೋಡಲು ಮಿಜಾರಿನಿಂದ ಬಂದವರು ನಮ್ಮ ಚಾವಡಿಯ ಮಬ್ಬಿನಲ್ಲೇ ಕುಳಿತಿದ್ದರು. ಶಿರ್ತಾಡಿಯ ನಮ್ಮ ಮನೆಗೆ ಆಗಷ್ಟೇ ಕರೆಂಟು ಬಂದಿತ್ತು. ಆದರೆ ಚಾವಡಿಯ ಒಂದೇ ಬಲ್ಬನ್ನು ನಾನು ಮೂಲೆಗೆ ಎಳೆದು, ಹಳೆಯ ಡಬ್ಬಿಯಲ್ಲಿ ಮೊಳೆತಿದ್ದ ಮೆಣಸಿನ ಸಸಿಗಳ ಮೇಲೆ ಇಳಿಬಿಟ್ಟಿದ್ದೆ. ಮಳೆ ಬಿಡುವಷ್ಟರಲ್ಲಿ ನೆಡಲು ಸಸಿ ತಯಾರಿರಬೇಕೆಂದು ನನ್ನ ಹಟ. ಬಿಸಿಲು ಕಾಣದೆ ಎಷ್ಟೋ ದಿನಗಳಾಗಿದ್ದವು.

ಅಪ್ಪ ನಾಚಿಕೆಯಿಂದ ಬಲ್ಬು ಎತ್ತಲು ಹೋದರು. ಹುಡುಗನ ತಾಯಿ ಅವರನ್ನು ತಡೆದು, ಡಬ್ಬಿಯ ಮುಂದೆಯೇ ಕುಕ್ಕರಗಾಲಿನಲ್ಲಿ ಕುಳಿತರು.

"ಇದು ಯಾರ ಕೆಲಸ?"

"ನನ್ನದು" ಎಂದೆ, ಬಾಗಿಲ ಮರೆಯಿಂದ. ಅಮ್ಮ ಹಣೆ ಚಚ್ಚಿಕೊಂಡರು. ಈ ಸಂಬಂಧ ಕೈತಪ್ಪಿತು ಎಂದೇ ಎಲ್ಲರೂ ಅಂದುಕೊಂಡೆವು.

"ನಾನು ಬಿತ್ತಿದ್ದೆಲ್ಲ ಮಳೆಗೆ ಕೊಳೆತುಹೋಯ್ತು ಮಗಳೇ. ನನಗೂ ನಾಲ್ಕು ಸಸಿ ಕೊಡ್ತೀಯಾ?" ಎಂದರು ಅವರು.

ನಾನು ಹೊರಗೆ ಬಂದು ಅವರ ಪಕ್ಕದಲ್ಲೇ ಕುಳಿತೆ. ನೀರೆಷ್ಟು, ಬೂದಿ ಯಾವಾಗ ಎಂದು ಮಾತು ಬೆಳೆಯಿತು. ಹುಡುಗನ ಕೈಯಲ್ಲಿದ್ದ ಚಾ ತಣ್ಣಗಾಯಿತು. ನಾನು ಹುಡುಗನ ಮುಖ ಸರಿಯಾಗಿ ನೋಡಿದ್ದು, ಅವರು ಬಾಳೆಲೆಯಲ್ಲಿ ಕಟ್ಟಿದ ಸಸಿಗಳನ್ನು ಹಿಡಿದು ತಾಯಿಯ ಹಿಂದೆ ಅಂಗಳಕ್ಕೆ ಇಳಿದಾಗ. ನಗು ತಡೆಯಲಾಗದೆ ಒದ್ದಾಡುತ್ತಿದ್ದರು.

ಅತ್ತೆ ಎಂದರೆ ಹೆದರಬೇಕು ಎಂದು ಕೇಳುತ್ತಲೇ ಬೆಳೆದವಳು ನಾನು. ಮದುವೆಯ ದಿನ ಧೈರ್ಯವಾಗಿಯೇ ಮಿಜಾರಿನ ಹೊಸ್ತಿಲು ದಾಟಿದೆ. ಗಂಡ ಸಿಗುವ ಮೊದಲೇ ಆ ಮನೆಯಲ್ಲಿ ನನಗೊಬ್ಬ ಗೆಳತಿ ಸಿಕ್ಕಿದ್ದರು.