ಹಣಮಂತನ ಕೆಂಪು ರುಮಾಲು

ನಮ್ಮೂರ ದೇಶಮುಖರನ್ನು ಕೊಂದವರು ಯಾರು ಎಂದು ಕೇಳಿ ನೋಡಿ, ಈಗಷ್ಟೇ ಮಾತು ಕಲಿತ ಕೂಸೂ ಉತ್ತರ ಹೇಳುತ್ತದೆ: ದೋಣಿಯ ಹಣಮಂತ. ನಿಜಾಮರ ಆಳ್ವಿಕೆಯ ಕೊನೆಗಾಲ. ಕಾಗಿಣಾ ಹೊಳೆ ಮೈದುಂಬಿದ್ದ ಒಂದು ಸಂಜೆ ದೇಶಮುಖರು ಶೇರವಾನಿ ತೊಟ್ಟು ವಾಡೆಯ ಮೆಟ್ಟಿಲಿಳಿಯುತ್ತಿದ್ದರು. ಕೆಂಪು ರುಮಾಲು ಸುತ್ತಿದ ಹಣಮಂತ ಊರ ಅಗಸಿ ಬಾಗಿಲ ಮರೆಯಿಂದ ಬಂದು ಎದೆಗೆ ಗುಂಡು ಹೊಡೆದ, ಹೊಳೆ ದಾಟಿ ಓಡಿದ, ಮತ್ತೆಂದೂ ಬರಲಿಲ್ಲ. ಈ ಕಥೆಯನ್ನು ಸೇಡಂ ಬಸ್ಸಿನಲ್ಲಿ ಕೇಳಿದ್ದೇನೆ, ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕೇಳಿದ್ದೇನೆ, ಚಿಂಚೋಳಿಯ ಮದುವೆಯೊಂದರಲ್ಲಿ ಪಂಕ್ತಿಗೆ ಕೂತಾಗಲೂ ಕೇಳಿದ್ದೇನೆ. ಎಲ್ಲ ಕಡೆಯೂ ಅದೇ ಮಾತು, ಅದೇ ಕ್ರಮ, ಅದೇ ಉಸಿರು. ನನಗೆ ಅನುಮಾನ ಹುಟ್ಟಿದ್ದೇ ಅದಕ್ಕೆ. ನಮ್ಮ ಮನೆಯಲ್ಲಿ ನಿನ್ನೆ ಹಾಲು ಉಕ್ಕಿಸಿದವರು ಯಾರು ಎಂಬ ಬಗ್ಗೆಯೇ ನಾಲ್ಕು ಅಭಿಪ್ರಾಯಗಳಿರುವಾಗ, ಅಷ್ಟು ಹಳೆಯ ಕೊಲೆಯ ಬಗ್ಗೆ ಇಡೀ ತಾಲ್ಲೂಕಿಗೆ ಒಂದೇ ಅಭಿಪ್ರಾಯ ಇರುವುದು ಹೇಗೆ?

ಅನುಮಾನ ನನ್ನ ಕಸುಬಲ್ಲ, ಚಟ. ಚಿತ್ತಾಪುರದ ಕಾಲೇಜಿನಲ್ಲಿ ಪಾಠ ಹೇಳುವ ನನ್ನನ್ನು ಮನೆಯವರು ವಕೀಲಬಾಯಿ ಎನ್ನುತ್ತಾರೆ. ಓದುವ ಕಾಲದಲ್ಲಿ ಚರ್ಚಾಸ್ಪರ್ಧೆಗಳಿಗೆ ಊರೂರು ಅಲೆದೆ. ಗೆದ್ದ ಕಪ್ಪುಗಳಲ್ಲಿ ಅವ್ವ ಈಗ ಬಾಚಣಿಕೆ, ಸೇಫ್ಟಿ ಪಿನ್ನು ಇಡುತ್ತಾಳೆ. ಕಪ್ಪುಗಳ ಪ್ರಯೋಜನ ಅಷ್ಟೇ, ಚಟದ ಪ್ರಯೋಜನ ಅಷ್ಟೂ ಇಲ್ಲ. ನನ್ನನ್ನು ನೋಡಲು ಬಂದ ವರನೊಬ್ಬ ತನಗೆ ಸಿಟ್ಟೇ ಬರುವುದಿಲ್ಲ ಎಂದಾಗ, ಅದಕ್ಕೆ ಆಧಾರವೇನು ಎಂದು ಕೇಳಿದ್ದೆ. ಸಿಟ್ಟು ಬಂತು. ಸಂಬಂಧ ಹೋಯಿತು.

ಇಂಥವಳ ಕೈಗೆ ಊರ ಹಿರಿಯರು ಒಂದು ಕೆಲಸ ಕೊಟ್ಟರು. ಕನ್ನಡ ಶಾಲೆ ಕಟ್ಟಿಸಿದ ಪುಣ್ಯಾತ್ಮರಾದ್ದರಿಂದ ಶಾಲೆಯ ಬಾಗಿಲಲ್ಲಿ ದೇಶಮುಖರ ಹೆಸರಿನ ಕಲ್ಲು ನಿಲ್ಲಿಸಬೇಕು. ಶಹಾಬಾದಿನಿಂದ ದೊಡ್ಡದೊಂದು ಚಪ್ಪಡಿ ಆಗಲೇ ಬಂದು ಗೋಡೆಗೆ ಒರಗಿತ್ತು. ಅದರ ಮೇಲೆ ಕೆತ್ತುವ ಮಾತು ನಾನು ಬರೆಯಬೇಕು. ಏನು ಬೇಕಾದರೂ ಬರಿ, ಆದರೆ ದೋಣಿಯ ಹಣಮಂತನ ಗುಂಡಿಗೆ ಬಲಿಯಾದರು ಎಂಬ ಸಾಲು ಮಾತ್ರ ಬಿಡಬೇಡ ಎಂದರು.

ಸುದ್ದಿ ತಿಳಿದ ಕೂಡಲೆ ಆದಿತ್ಯನಗರದಿಂದ ರೇಣುಕಾ ಬಂದಳು. ಹಣಮಂತನ ಮರಿಮಗಳು. ಕಾಲೇಜಿನ ಚರ್ಚೆಗಳಲ್ಲಿ ನಾನು ಪರ ಮಾತಾಡಿದರೆ ಅವಳು ವಿರೋಧ; ಹೀಗೆ ಜೋಡಿಯಾಗಿ ಹೋಗುತ್ತಿದ್ದೆವು. ಗಂಡನ ಜೊತೆ ಸಿಮೆಂಟ್ ಫ್ಯಾಕ್ಟರಿಯ ಕ್ವಾರ್ಟರ್ಸಿಗೆ ಹೋದ ಮೇಲೂ ಅವಳ ನಾಲಗೆಗೆ ಒಂದಿಷ್ಟೂ ಸಿಮೆಂಟ್ ಹತ್ತಿಲ್ಲ. ಅಂದು ಮಾತ್ರ ವಾದ ಮಾಡಲಿಲ್ಲ. "ಊರಾಗ ಅಂದ್ರ ಅನ್ನಲಿ, ಬಸ್ಸಿನ್ಯಾಗ ಅಂದ್ರ ಅನ್ನಲಿ, ನಮಗ ರೂಢಿ ಆಗ್ಯದ. ಕಲ್ಲಿನ್ಯಾಗ ಕಡದ್ರ ನಮ್ಮ ತಮ್ಮನ ಮಗಳು ದಿನಾ ಅದರ ಮುಂದ ಹಾದೇ ಸಾಲಿಗಿ ಹೋಗಬೇಕಲ್ಲ" ಎಂದಳು. ನನ್ನ ಚಟಕ್ಕೆ ಮೊದಲ ಬಾರಿ ಒಂದು ಕೆಲಸ ಸಿಕ್ಕಿತು.

ಮೊದಲು ವಸ್ತುಸಾಕ್ಷ್ಯ. ದೇಶಮುಖರ ಶೇರವಾನಿ ವಾಡೆಯ ಗಾಜಿನ ಪೆಟ್ಟಿಗೆಯಲ್ಲಿದೆ. ನಾವು ಚಿಕ್ಕವರಿದ್ದಾಗ ಅದರ ಎದೆಯ ಮೇಲೆ ಒಂದೇ ತೂತು ಕಾಣುತ್ತಿತ್ತು. ಆಮೇಲೆ ಬೆನ್ನಿನಲ್ಲೂ ಕಂಡಿತು. ಗುಂಡು ಆರಪಾರ ಹೋಗಿದೆ ಎಂದರು. ತೋಳಿನಲ್ಲಿ ಕಂಡಾಗ, ಮರೆಯಲ್ಲಿ ಇನ್ನೊಬ್ಬ ಇದ್ದ ಎಂದರು. ಈಗ ಹೋಗಿ ನೋಡಿದರೆ ಕಾಲರಿನಲ್ಲಿ, ಜೇಬಿನಲ್ಲಿ, ಅಂಚಿನಲ್ಲಿ ಎಲ್ಲೆಲ್ಲೂ ತೂತು. ಈ ಲೆಕ್ಕದಲ್ಲಿ ದೇಶಮುಖರ ಮೇಲೆ ಒಂದು ಪಲ್ಟಣವೇ ಗುಂಡು ಹಾರಿಸಿರಬೇಕು. ಪಲ್ಟಣ ಇನ್ನೂ ಒಳಗೇ ಇತ್ತು: ಗಾಜು ತಟ್ಟಿದೆ, ಎರಡು ನುಸಿ ಹಾರಿದವು. ಅದನ್ನು ಹೇಳಿದರೆ ವಾಡೆಯವರು ಬೇಸರಪಟ್ಟುಕೊಂಡಾರೆಂದು ಕೈಮುಗಿದು ಹೊರಬಂದೆ.

ಇನ್ನು ಕಣ್ಣಾರೆ ಕಂಡವರು. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯಬೇಕು ಎನ್ನುತ್ತದೆ ನಮ್ಮ ಹಳೆಯ ತರ್ಕಶಾಸ್ತ್ರ. ಆ ಶಾಸ್ತ್ರ ಬರೆದವರು ನಮ್ಮ ಸೀಮೆಗೆ ಬಂದಿರಲಿಲ್ಲ. ಇಲ್ಲಿ ಹೊಗೆ ಕಂಡರೆ ಸಿಮೆಂಟು ಎಂದು ತಿಳಿಯಬೇಕು. ಕಂಡದ್ದು ಬೇರೆ, ಕಂಡದ್ದರಿಂದ ಮನಸ್ಸು ಮಾಡಿಕೊಂಡದ್ದು ಬೇರೆ. ಇವೆರಡು ಒಂದೇ ಗಂಟಲಿನಿಂದ ಬರುವುದರಿಂದ ಕೇಳುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಹೇಳುವವರಿಗಂತೂ ಮೊದಲೇ ಇಲ್ಲ.

ಬದುಕಿರುವ ಸಾಕ್ಷಿಗಳು ಇಬ್ಬರು. ಒಬ್ಬಳು ನಮ್ಮ ಆಯಿ, ಎಂದರೆ ಅಪ್ಪನ ತಾಯಿ. ಆಗ ಅವಳು ಸಣ್ಣ ಹುಡುಗಿ. ಮಾಳಿಗೆಯ ಮೇಲೆ ಹರವಿದ್ದ ಮೆಣಸಿನಕಾಯಿ ಬಳಿದು ಗುಡ್ಡೆ ಹಾಕುತ್ತಿದ್ದಳಂತೆ. ಗುಂಡಿನ ಸದ್ದಿಗೆ ಬಗ್ಗಿ ನೋಡಿದರೆ ಹಣಮಂತ ಓಡುತ್ತಿದ್ದ. ಜೀವಮಾನವಿಡೀ ಅವಳು ಹೇಳಿದ್ದು ಇದನ್ನೇ. ಅವನ ಮುಖ ಹೇಗಿತ್ತು, ಗಾಬರಿಯಾಗಿದ್ದನೇ ಎಂದು ಕೇಳಿದೆ.

"ಮಾಳಿಗಿ ಮ್ಯಾಲಿಂದ ಮುಖ ಎಲ್ಲಿ ಕಾಣ್ತದ ಹುಚ್ಚಿ? ತಲಿ ಕಾಣ್ತದ. ಕೆಂಪು ರುಮಾಲು ಕಂಡೀನಿ."

ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲ ಎಂದಳು. ಕೆಂಪು ರುಮಾಲು ಅಂದರೆ ಹಣಮಂತ, ಅದರಲ್ಲಿ ಕೇಳುವುದೇನಿದೆ?

ಇದೆ. ಊರಿನ ಹಿರಿಯರೆಲ್ಲರಿಗೂ ಗೊತ್ತಿರುವ ಸಂಗತಿಯೊಂದಿದೆ. ಹಣಮಂತನ ಗುಡಿಸಲು, ದೋಣಿ ಎರಡೂ ಹೊಳೆಯ ಆಚೆ ದಂಡೆಯಲ್ಲಿ. ಈಚೆಯಿಂದ ಕೂಗಿದರೆ ನೀರಿನ ಸದ್ದಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೆ ಅವನು ತನ್ನ ಕೆಂಪು ರುಮಾಲನ್ನು ಈಚೆ ದಂಡೆಯ ಬಿದಿರ ಗಳಕ್ಕೆ ಸಿಕ್ಕಿಸಿ ಇಟ್ಟಿದ್ದ. ದಾಟಬೇಕಾದವರು ಅದನ್ನು ತೆಗೆದು ಬೀಸಬೇಕು, ಅವನು ದೋಣಿ ತರಬೇಕು. ಅದಕ್ಕೆ ಹಣಮಂತನ ರುಮಾಲು ಎಂದೇ ಹೆಸರು; ಆದರೆ ಅದು ಇರುತ್ತಿದ್ದದ್ದು ಊರಿನ ಕೈಯಲ್ಲಿ. ಹೀಗೆ ಬೀಸಿದ ನೆನಪುಗಳನ್ನು ಮುದುಕರು ಖುಷಿಯಿಂದ ಹೇಳುತ್ತಾರೆ, ಕೊಲೆಯ ಕಥೆಯನ್ನೂ ಹೇಳುತ್ತಾರೆ. ಎರಡನ್ನೂ ಒಂದೇ ದಿನ ಹೇಳುವುದಿಲ್ಲ, ಅಷ್ಟೇ.

ಹೊಳೆ ದಾಟಿ ಓಡಿದ್ದನ್ನು ಕಂಡವರೂ ಯಾರಿಲ್ಲ. ದೋಣಿಯವನಾದ್ದರಿಂದ ಹೊಳೆಯ ಕಡೆಗೇ ಓಡಿರಬೇಕೆಂದು ಊರೇ ಅವನನ್ನು ಓಡಿಸಿತು. ಊರಿನವರು ಬಡಿಗೆ ಹಿಡಿದು ಕಾದಿದ್ದಾರೆ ಎಂಬ ಸುದ್ದಿ ಆಚೆ ದಂಡೆಗೆ ಮುಟ್ಟಿದ್ದರೆ ಅವನು ಬರುವುದಾದರೂ ಯಾಕೆ? ಅವನು ಓಡಿಹೋದವನಲ್ಲ, ಬಾರದೆ ಉಳಿದವನು ಎಂದು ರೇಣುಕಾಳ ಮುಂದೆ ಭಾಷಣ ಮಾಡಿದೆ. ಅವಳು ಹಳೆಯ ರೂಢಿಯಂತೆ ವಿರೋಧ ಪಕ್ಷ ಹಿಡಿದಳು. "ಅವನ ರುಮಾಲು ಅವನೇ ತಗೊಂಡು ಸುತ್ಕೊಂಡಾನ ಅಂತಾರ. ಆಗ ಏನಂತಿ? ಆ ಹೊತ್ತಿನ್ಯಾಗ ಅವನಿಗಿ ಆಚಿ ದಂಡ್ಯಾಗ ನೋಡಿದವರು ಬೇಕು." ಸರಿಯಾದ ಮಾತು. ಎಂದೂ ತಪ್ಪು ಮಾತಾಡದ ಗೆಳತಿಯರಿಂದ ಬಹಳ ತೊಂದರೆ.

ಎರಡನೆಯ ಸಾಕ್ಷಿ ಬಸಣ್ಣ ಮುತ್ಯಾ, ಊರಿಗೆಲ್ಲ ಅಜ್ಜ. ಅಗಸಿಯ ಕಟ್ಟೆಯ ಮೇಲೆ ಅವರಿಗೆ ಖಾಯಂ ಜಾಗ. ಅಂದು ತಾನು ಇದೇ ಕಟ್ಟೆಯ ಮೇಲೆ ಇದ್ದೆ, ಎರಡು ಗುಂಡಿನ ಸದ್ದು ಕೇಳಿದೆ, ಹಣಮಂತನ ಕಣ್ಣು ಕೆಂಡದ ಹಾಗಿದ್ದವು ಎಂದು ಹೇಳುತ್ತಾರೆ. ಒಂದೇ ಗುಂಡು ಎಂದು ಆಯಿ, ಎರಡು ಎಂದು ಮುತ್ಯಾ. ಈ ಜಗಳದ ಮೇಲೆ ಇಬ್ಬರೂ ಎಷ್ಟು ಚಹಾ ಕುಡಿದಿದ್ದಾರೋ. ಕಲಬುರಗಿಯಿಂದ ಹುಡುಗರು ಮೊಬೈಲ್ ಹಿಡಿದು ಬಂದು ಅವರ ಮಾತು ರೆಕಾರ್ಡ್ ಮಾಡಿಕೊಂಡು ಹೋಗುತ್ತಾರೆ. ಆ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕುತ್ತಾರೆ.

ಮುತ್ಯಾನಿಗೆ ಇನ್ನೊಂದು ಕಥೆಯೂ ಇದೆ. ಅದನ್ನು ಹೇಳುವುದು ಹಣಮಂತನ ಮನೆಯವರನ್ನು ಕಂಡಾಗ ಮಾತ್ರ, ಅದೂ ಬೈಗುಳದ ರೂಪದಲ್ಲಿ. ಮೊನ್ನೆ ನಾನೂ ರೇಣುಕಾಳೂ ಅಗಸಿ ದಾಟುತ್ತಿದ್ದಾಗ ಅವಳನ್ನು ನಿಲ್ಲಿಸಿಕೊಂಡು ಶುರು ಮಾಡಿದರು. ತಾವು ಹುಡುಗರಾಗಿದ್ದಾಗ ಆಚೆ ಊರಿನಲ್ಲಿ ಅಕ್ಕನ ಮನೆಯ ಹೋಳಿಗೆ ಊಟಕ್ಕೆ ಹೊರಟಿದ್ದರಂತೆ. ದಂಡೆಗೆ ಹೋದರೆ ಗಳದ ಮೇಲೆ ರುಮಾಲೇ ಇಲ್ಲ. ಗಂಟಲು ಹರಿಯುವಂತೆ ಕೂಗಿದರು, ಕುಪ್ಪಳಿಸಿದರು, ಅಂಗಿ ಬಿಚ್ಚಿ ಬೀಸಿದರು.

"ನಿಮ್ಮ ಮುತ್ಯಾ ಹಣಮಂತ ಆಚಿ ದಂಡ್ಯಾಗ ಬೀಡಿ ಸೇದಕೋತ ಕುಂತಾನ. ನನ್ನ ಕಣ್ಣಿಗಿ ಕಾಣ್ಲಿಕತ್ತಾನ. ಹೊತ್ತು ಮುಳುಗೋ ತನಕ ತಿರುಗಿ ನೋಡಲಿಲ್ಲ ಸೂಳಿಮಗ. ಹೋಳಿಗಿ ಹೋಯ್ತು. ಹೊಳ್ಳಿ ಮನಿಗಿ ಬಂದ್ರ ದೇಶಮುಖರು ಸತ್ತಾರಂತ ಊರಾಗ ಅಳ್ಳಿಕತ್ತಾರ, ಯಾರೂ ಒಲಿ ಹಚ್ಚಿಲ್ಲ. ಎರಡೂ ಕಡಿ ಉಪಾಸ."

ರೇಣುಕಾ ನನ್ನ ಮುಖ ನೋಡಿದಳು. ಎದುರಾಳಿ ತಾನಾಗಿಯೇ ಜಾರಿ ಬಿದ್ದಾಗ ಹಿಂದೆಲ್ಲ ನಾವು ಹೀಗೇ ನೋಡಿಕೊಳ್ಳುತ್ತಿದ್ದೆವು. ನಗಬಾರದೆಂದು ಇಬ್ಬರೂ ಸೆರಗಿನ ತುದಿ ಕಚ್ಚಿಕೊಂಡೆವು, ನನ್ನದು ದುಪಟ್ಟಾ.

ಮನೆಗೆ ಬಂದ ಮೇಲೆ ನಗು ಅಷ್ಟು ಸಲೀಸಾಗಲಿಲ್ಲ. ಮುತ್ಯಾ ಸುಳ್ಳುಗಾರರಲ್ಲ. ಊರಿನ ಅತಿ ದೊಡ್ಡ ದಿನ ತಾನು ಊರಲ್ಲೇ ಇರಲಿಲ್ಲ ಎಂದು ಒಪ್ಪಿಕೊಳ್ಳುವುದು ಯಾವ ಹುಡುಗನಿಗೆ ಸುಲಭ? ಕೇಳಿ ಕೇಳಿ, ಹೇಳಿ ಹೇಳಿ, ಒಂದೊಂದೇ ಹೆಜ್ಜೆ ಹೊಳೆಯಿಂದ ಅಗಸಿಗೆ ಬಂದು ಕಟ್ಟೆಯ ಮೇಲೆ ಕೂತಿದ್ದಾರೆ. ನನ್ನನ್ನೂ ಅನುಮಾನಿಸಬೇಕು: ಕಟ್ಟೆಯ ಸಾಕ್ಷಿಯನ್ನು ನಂಬದ ನಾನು ದಂಡೆಯ ಸಾಕ್ಷಿಯನ್ನು ಮಾತ್ರ ನಂಬುವುದು ರೇಣುಕಾ ನನ್ನ ಗೆಳತಿ ಎಂಬ ಕಾರಣಕ್ಕೋ? ಇಷ್ಟು ಮಾತ್ರ ಹೇಳಬಲ್ಲೆ. ಕೆಂಡದಂಥ ಕಣ್ಣುಗಳನ್ನು ಯಾರಾದರೂ ಕಲ್ಪಿಸಿಕೊಳ್ಳಬಹುದು. ಕೈತಪ್ಪಿದ ಹೋಳಿಗೆಯ ಮೇಲೆ ಇಷ್ಟು ಕಾಲ ಉಳಿಯುವ ಸಿಟ್ಟನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಕಲ್ಲು ಕಡೆಯುವವನು ನಾಳೆ ಬರುತ್ತಾನೆ. ಹಾಳೆಯಲ್ಲಿ ಒಂದು ಸಾಲಿನ ಜಾಗ ಖಾಲಿ ಬಿಟ್ಟು ಇಂದು ಮುಂಜಾನೆ ಕಟ್ಟೆಗೆ ಹೋದೆ. ಊರ ಹಿರಿಯರು ಇದ್ದರು, ಆಯಿ ಇದ್ದಳು, ರೇಣುಕಾ ತಮ್ಮನ ಮಗಳ ಕೈ ಹಿಡಿದು ಅಗಸಿಯ ಕಂಬಕ್ಕೆ ಒರಗಿದ್ದಳು. ಮುತ್ಯಾ ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡು ಊದುತ್ತಿದ್ದರು. ಒಂದು ಉತ್ತರಕ್ಕೆ ಅವರ ಕಟ್ಟೆ ಹೋಗುತ್ತದೆ, ಇನ್ನೊಂದಕ್ಕೆ ಅವರ ಹೋಳಿಗೆ ಹೋಗುತ್ತದೆ ಎಂಬುದು ಗೊತ್ತಿದ್ದೂ ಕೇಳಿದೆ. ಬಸಿ ತುಟಿಯ ಹತ್ತಿರವೇ ನಿಂತಿತು. ಚಹಾ ಆರುತ್ತಿದೆ, ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದೇವೆ. ನಾನು ಕೇಳಿದ್ದು ಇಷ್ಟೇ:

"ಮುತ್ಯಾ, ದೇಶಮುಖರು ಬಿದ್ದ ಹೊತ್ತಿನ್ಯಾಗ ನೀವು ಈ ಕಟ್ಟಿ ಮ್ಯಾಲ ಇದ್ರೋ, ಹೊಳಿ ದಂಡಿ ಮ್ಯಾಲ ಇದ್ರೋ?"